ಹಂದಿಯ ಹೆಸರುಗಳೂ ಬೇಟೆಗಾರರ ಅರಿವೂ

ಅಮರಸಿಂಹನು ಸಿಂಹಾದಿವರ್ಗದಲ್ಲಿ ಹಂದಿಗೆ ಹನ್ನೆರಡು ಹೆಸರುಗಳನ್ನು ಹೇಳಿರುವನು. ಇವನ್ನು ಬರಿಯ ಪರ್ಯಾಯಪದಗಳೆಂದು ಬಾಯಿಪಾಠ ಮಾಡಿಸುವುದು ರೂಢಿ. ಆದರೆ ಕೆಲವು ಹೆಸರುಗಳಲ್ಲಿ ಆ ಮೃಗದ ಸಂಚಾರವನ್ನು ಕಾದು ನೋಡಿದವರ ಅನುಭವವು ಅಡಗಿದೆ. ಭೂದಾರವೆಂದರೆ ನೆಲವನ್ನು ಸೀಳುವುದು. ಗೆಡ್ಡೆ, ಹುಳುಗಳಿಗಾಗಿ ಅದು ಕೆದಕಿದ ಹಸಿಮಣ್ಣೇ ಬೇಟೆಗಾರನಿಗೆ ಮೊದಲ ಸುಳಿವು. ಘೃಷ್ಟಿಯೆಂಬುದು ಉಜ್ಜುವುದೆಂಬ ಅರ್ಥದ ಧಾತುವಿನಿಂದ ಬಂದುದು. ಬೆವರಿ ಮೈಯನ್ನು ತಂಪಾಗಿಸಿಕೊಳ್ಳಲಾರದ ಹಂದಿಯು ಕೆಸರಿನಲ್ಲಿ ಹೊರಳಿ ಮರಕ್ಕೆ ಮೈಯುಜ್ಜುತ್ತದೆ. ಆದುದರಿಂದ ಬೇಸಗೆಯಲ್ಲಿ ಅದರ ದಾರಿಯನ್ನು ನಿರ್ಣಯಿಸುವುದು ನೀರು. ಸಂಸ್ಕೃತದ ಇನ್ನೊಂದು ಹೆಸರು ಮುಸ್ತಾದ, ಎಂದರೆ ಕೊನ್ನಾರಿಗಡ್ಡೆಯನ್ನು ತಿನ್ನುವುದು. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನು ಬೇಟೆಯನ್ನು ನಿಲ್ಲಿಸಿದಾಗ ಕಾಳಿದಾಸನು ಹಂದಿಗಳನ್ನು ಕಾಣಿಸುವುದೂ ಕೊಳದ ಮುಸ್ತೆಯ ನಡುವೆಯೇ.

ಹಗಲಿನ ಅಡಗುದಾಣವನ್ನು ಈ ಹೆಸರುಗಳು ತಿಳಿಸವು. ಅದಕ್ಕೆ ಶಾಸನವನ್ನು ನೋಡಬೇಕು. ಕ್ರಿ. ಶ. 949–50ರ ಆತಕೂರು ಶಾಸನದಂತೆ, ಮಣಲೆರನು ಬಹುಮಾನವಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತುದು ಬೆಳ್ತೂರಿನ ಪಡುವಣ ಮೊರಡಿಯಲ್ಲಿ. ಮೊರಡಿಯೆಂದರೆ ಕಲ್ಲುಗುಡ್ಡ.

ತುಳುನಾಡಿನ ಶಂಕರಪುರದ ಕಡೆಯಲ್ಲಿಯೂ ನೆಲದ ರೀತಿ ಇದೇ: ಮೇಲೆ ಮುರಕಲ್ಲ ಗುಡ್ಡದ ಹಾಡಿ, ಕೆಳಗೆ ಬೈಲು. ಏಣೆಲು ಬೆಳೆಯ ಕದಿರು ಹಾಲುಗಟ್ಟಿದೊಡನೆ ಹಂದಿ ಇರುಳಿನಲ್ಲಿ ಇಳಿಯುವುದು. ತುಳುವಿನ ಪಂಜಿ ನಮ್ಮ ಹಂದಿಯೇ. ಬೆಳೆಯನ್ನು ಕಾಯುವ ದೈವವಾದ ಪಂಜುರ್ಲಿಯ ಹೆಸರಿನಲ್ಲಿರುವುದೂ ಅದೇ. ಹಾಳುಮಾಡುವ ಮೃಗಕ್ಕೇ ಕಾವಲನ್ನು ಒಪ್ಪಿಸಿದ ಈ ನಂಬಿಕೆ ಕಾವ್ಯಗಳ ಮೃಗಯಾವರ್ಣನೆಗಿಂತ ಹೆಚ್ಚು ವಿಚಾರಾರ್ಹವಾಗಿದೆ. ಅನುಮತಿಯಿಲ್ಲದ ಹಂದಿಬೇಟೆ ಇಂದು ಅಪರಾಧ. ಹಂದಿ ಇಳಿಯುವ ಹೊತ್ತನ್ನು ಲೆಕ್ಕಹಾಕುವವನು ಈಗ ಗದ್ದೆಯ ಒಕ್ಕಲಿಗನು.