ಅಬರ್‌ವಾನ್: ಅಕ್ಟೋಬರ್ 21ರ ಬೆಳಗು

1966ರ ಅಕ್ಟೋಬರ್ 21, ಶುಕ್ರವಾರ. ದಕ್ಷಿಣ ವೇಲ್ಸ್‌ನ ಗಣಿಹಳ್ಳಿ ಅಬರ್‌ವಾನ್‌ನ ಮಕ್ಕಳಿಗೆ ಅಂದು ಮಧ್ಯಾಹ್ನದಿಂದಲೇ ರಜೆ. ಬೆಳಿಗ್ಗೆ 9.15ರ ಸುಮಾರಿಗೆ, ಬೆಟ್ಟದ ಮೇಲೆ ಸುರಿದಿದ್ದ ಕಲ್ಲಿದ್ದಲ ಗಣಿಯ ಕಸದ ಏಳನೇ ರಾಶಿ ಕುಸಿದು ಕೆಸರಾಗಿ ಹರಿಯಿತು. ಪಂಟ್‌ಗ್ಲಾಸ್ ಶಾಲೆಯನ್ನೂ ಪಕ್ಕದ ಮನೆಗಳನ್ನೂ ನುಂಗಿತು. ಸತ್ತವರು 144 ಮಂದಿ. ಅವರಲ್ಲಿ 116 ಮಕ್ಕಳು. ಗಣಿಯಿಂದ ಓಡಿಬಂದ ಕಾರ್ಮಿಕರು ಕೆಸರು ಬಗೆದರು. ಹನ್ನೊಂದು ಗಂಟೆಯ ನಂತರ ಒಬ್ಬರೂ ಜೀವಂತವಾಗಿ ಸಿಗಲಿಲ್ಲ.

ಇದನ್ನು ಪ್ರಕೃತಿ ವಿಕೋಪವೆನ್ನಲು ನಮಗೆ ಮನಸ್ಸು ಒಪ್ಪುವುದಿಲ್ಲ. 1958ರಿಂದ ಆ ರಾಶಿಯನ್ನು ನೀರಿನ ಒರತೆಗಳ ಮೇಲೆಯೇ ಹಾಕುತ್ತಾ ಬರಲಾಗಿತ್ತು. ಶಾಲೆಯ ಹಿಂದಿನ ಅಪಾಯದ ಬಗ್ಗೆ ಸ್ಥಳೀಯ ಆಡಳಿತದ ಇಂಜಿನಿಯರ್ 1963ರಲ್ಲೇ ಪತ್ರ ಬರೆದಿದ್ದರು. ವಿಚಾರಣಾ ಮಂಡಳಿ 1967ರಲ್ಲಿ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯನ್ನೇ ಹೊಣೆಯಾಗಿಸಿತು. ಆದರೂ ಯಾರಿಗೂ ಶಿಕ್ಷೆಯಾಗಲಿಲ್ಲ, ಯಾರ ನೌಕರಿಯೂ ಹೋಗಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಉಳಿದ ರಾಶಿಗಳನ್ನು ತೆಗೆಯಿರೆಂದು ಊರವರು ಅಂಗಲಾಚಿದಾಗ, ಜನರು ಸಂತ್ರಸ್ತರಿಗೆಂದು ಕೊಟ್ಟ ಪರಿಹಾರ ನಿಧಿಯಿಂದಲೇ ಸರ್ಕಾರ 1,50,000 ಪೌಂಡ್ ಪಡೆಯಿತು. ಮಕ್ಕಳನ್ನು ಕೊಂದ ಕಸವನ್ನು ಸಾಗಿಸುವ ಕೂಲಿಯನ್ನು ಆ ಮಕ್ಕಳ ಹೆತ್ತವರೇ ಕೊಟ್ಟಂತಾಯಿತಲ್ಲ! ಆ ಹಣ ಹಿಂತಿರುಗಿದ್ದು 1997ರಲ್ಲಿ, ಅದೂ ಬಡ್ಡಿಯಿಲ್ಲದೆ. 2007ರಲ್ಲಿ ವೇಲ್ಸ್ ಸರ್ಕಾರ ಇನ್ನೂ 20 ಲಕ್ಷ ಪೌಂಡ್ ಸೇರಿಸಿತು. ಅಷ್ಟರಲ್ಲಿ ಎಷ್ಟೋ ತಾಯಂದಿರು ತೀರಿಕೊಂಡಿದ್ದರು.

ಶಾಲೆಯಿದ್ದ ಜಾಗದಲ್ಲಿ ಈಗ ಸ್ಮಾರಕ ಉದ್ಯಾನವಿದೆ. ಮೇಲೆ, ಬೆಟ್ಟದ ಮಗ್ಗುಲಲ್ಲಿ, ಮಕ್ಕಳ ಸಮಾಧಿಗಳ ಮೇಲಿನ ಬಿಳಿ ಕಮಾನುಗಳ ಸಾಲು.