ಮಹಾಮಾರಿಯ ಕಾಲದಲ್ಲಿ ಚರ್ಮರೋಗಿಗಳ ಲೆಕ್ಕ: ಒಂದು ವಿಚಾರ

ಆಸ್ಪತ್ರೆಯ ಹೊರರೋಗಿಗಳ ದಾಖಲೆಯನ್ನು ರೋಗದ ಅಳತೆಗೋಲೆಂದು ಭಾವಿಸುವುದು ವಾಡಿಕೆ. ವಾಸ್ತವವಾಗಿ ಅದು ಬಾಗಿಲಿಗೆ ಬಂದವರ ಲೆಕ್ಕವೇ ಹೊರತು ಬೇನೆಬಿದ್ದವರೆಲ್ಲರ ಲೆಕ್ಕವಲ್ಲ. ಕೋವಿಡ್ ಕಾಲವನ್ನು ಪರಾಮರ್ಶಿಸುವಾಗ ನಾವು ಈ ಭೇದವನ್ನು ಮರೆಯಲಾಗದು.

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ನಮ್ಮ ರಾಜ್ಯದಲ್ಲಿ ಸಾರಿಗೆ ಬಸ್ಸುಗಳು ಪುನಃ ಹೊರಟುದು ಮೇ 19ರಂದು. ಸವದತ್ತಿಯ ಬಳಿ ಮಲಪ್ರಭೆಯ ದಂಡೆಯಲ್ಲಿರುವ ನವಿಲುತೀರ್ಥದಂಥ ಊರಿನ ಬಡವರು ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ದೊಡ್ಡ ಆಸ್ಪತ್ರೆಗಳನ್ನು ಸೇರಲು ಬಸ್ಸೇ ಆಧಾರ. ಗಜಕರ್ಣ, ತುರಿಕಜ್ಜಿಗಳು ಪ್ರಾಣಾಂತಕವಲ್ಲದ ಕಾರಣ ಜನರು ಅವನ್ನು ಸಹಿಸಿಕೊಂಡು ಕಾಯಬಲ್ಲರು. ಕುಷ್ಠರೋಗದ ವಿಷಯ ಹಾಗಲ್ಲ. ಅದರ ಮೊದಲ ಕುರುಹು ಸ್ಪರ್ಶಜ್ಞಾನವಿಲ್ಲದ, ನೋವಿಲ್ಲದ ಮಚ್ಚೆ. ಚಿಕಿತ್ಸೆ ತಡವಾದರೆ ನರಗಳು ಕೆಟ್ಟು ಕೈಕಾಲುಗಳು ಊನವಾಗುವುವು.

ಭಾರತದಲ್ಲಿ 2019ರಲ್ಲಿ 1,14,451 ಮಂದಿ ಹೊಸ ಕುಷ್ಠರೋಗಿಗಳು ಪತ್ತೆಯಾಗಿದ್ದರು. 2020ರಲ್ಲಿ ಪತ್ತೆಯಾದವರು 65,147 ಮಂದಿ. ಸೋಂಕು ತಗಲಿ ಕುರುಹು ಕಾಣಲು ಸಾಮಾನ್ಯವಾಗಿ ಹಲವು ವರ್ಷಗಳನ್ನು ತೆಗೆದುಕೊಳ್ಳುವ ರೋಗವು ಒಂದೇ ವರ್ಷದಲ್ಲಿ ಇಷ್ಟು ಇಳಿಯಲಾರದು. ಇಳಿದುದು ಪತ್ತೆಯ ಕಾರ್ಯವೆಂದೇ ತಿಳಿಯಬೇಕು. ಆ ಏಪ್ರಿಲ್‌ನಲ್ಲಿ ಆರಂಭವಾದ ಇ-ಸಂಜೀವನಿ ಹೊರರೋಗಿ ಸೇವೆಯು ದೂರದಿಂದ ಸಲಹೆ ನೀಡಿತಾದರೂ ಮಚ್ಚೆಯನ್ನು ಮುಟ್ಟಿ ಪರೀಕ್ಷಿಸುವುದು ಅದರಿಂದ ಸಾಧ್ಯವಿರಲಿಲ್ಲ.

ಆದುದರಿಂದ 2020ರ ಆಸ್ಪತ್ರೆ ದಾಖಲೆಗಳನ್ನು ಓದುವ ಸಂಶೋಧಕರು ಬಸ್ಸು ಸಂಚಾರದ ದಾಖಲೆಗಳನ್ನೂ ಜೊತೆಗಿಟ್ಟು ಓದುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.