ಟಸ್ಕೀಗೀ: ಒಂದು ಕೌಂಟಿ ಕೇಂದ್ರದ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಕೌಂಟಿಯ ಆಡಳಿತಕ್ಕೆ ಕೇಂದ್ರವಾದ ಸಣ್ಣ ಪಟ್ಟಣಗಳಿಗೆ ಸಾಮಾನ್ಯವಾದ ಒಂದು ರೂಪವುಂಟು: ನಡುವೆ ಚೌಕ, ಅದರ ಮಗ್ಗುಲಲ್ಲಿ ನ್ಯಾಯಾಲಯ, ಸುತ್ತಲೂ ಅಂಗಡಿಗಳ ಸಾಲು. ಅಲಬಾಮಾ ರಾಜ್ಯದ ಮೇಕನ್ ಕೌಂಟಿಯ ಕೇಂದ್ರವಾದ ಟಸ್ಕೀಗೀ ಈ ಮಾದರಿಗೆ ಸೇರಿದುದೇ. ಆದರೆ ಪಟ್ಟಣವು ಯಾರದು ಎಂಬ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದ ಕಾರಣ ಅದು ಚರಿತ್ರಕಾರರ ವಿಶೇಷ ಗಮನಕ್ಕೆ ಅರ್ಹವಾಗಿದೆ.

1832ರ ಒಪ್ಪಂದದಿಂದ ಕ್ರೀಕ್ ಜನರು ಈ ಸೀಮೆಯ ಮೇಲಣ ಹಕ್ಕನ್ನು ಬಿಟ್ಟುಕೊಡಬೇಕಾಯಿತು. ಅದೇ ವರ್ಷ ಕೌಂಟಿಯೂ ಮರುವರ್ಷ ಪಟ್ಟಣವೂ ಸ್ಥಾಪಿತವಾದವು. ಹತ್ತಿಯ ಬೇಸಾಯವು ಗುಲಾಮರ ದುಡಿಮೆಯನ್ನು ಅವಲಂಬಿಸಿದ್ದಿತು. ತತ್ಪರಿಣಾಮವಾಗಿ ಇಲ್ಲಿ ಕಪ್ಪು ಜನಾಂಗದವರೇ ಬಹುಸಂಖ್ಯಾತರಾದರು.

1881ರಲ್ಲಿ ಬುಕರ್ ಟಿ. ವಾಷಿಂಗ್ಟನ್ನರ ನೇತೃತ್ವದಲ್ಲಿ ಕಪ್ಪು ಜನರಿಗಾಗಿ ಶಿಕ್ಷಕರ ತರಬೇತಿ ಶಾಲೆ ಆರಂಭವಾಯಿತು. ಹಿಂದೆ ಗುಲಾಮನಾಗಿದ್ದ ತಗಡಿನ ಕೆಲಸಗಾರ ಲೂಯಿಸ್ ಆಡಮ್ಸ್ ಅದರ ಸ್ಥಾಪನೆಗೆ ಶ್ರಮಿಸಿದವರಲ್ಲಿ ಪ್ರಮುಖನು. ಅಂದಿನಿಂದ ಟಸ್ಕೀಗೀಗೆ ಎರಡು ಕೇಂದ್ರಗಳಾದವು. ಚೌಕದಲ್ಲಿ 1906ರಲ್ಲಿ ದಕ್ಷಿಣದ ಒಕ್ಕೂಟದ ಸೈನಿಕರಿಗೆ ಸ್ಮಾರಕವೆದ್ದಿತು. ವಿದ್ಯಾಸಂಸ್ಥೆಯ ಆವರಣದಲ್ಲಿ 1922ರಲ್ಲಿ ವಾಷಿಂಗ್ಟನ್ನರ ಪ್ರತಿಮೆ ನಿಂತಿತು. 1923ರಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೂ ಬಂದಿತು. ಈ ಎರಡು ಸಂಸ್ಥೆಗಳಿಂದ, ಬಿಳಿಯ ಜಮೀನುದಾರರ ಹಂಗಿಲ್ಲದೆ ಬದುಕಬಲ್ಲ ವಿದ್ಯಾವಂತ ವರ್ಗವೊಂದು ಬೆಳೆಯಿತು.

ಈ ವರ್ಗವು ಮತದಾನದ ಹಕ್ಕನ್ನು ಕೇಳಿದಾಗ ವಿರೋಧ ತೀವ್ರವಾಯಿತು. 1957ರಲ್ಲಿ ರಾಜ್ಯದ ಶಾಸನಸಭೆಯು ಚೌಕಾಕಾರದ ಪಟ್ಟಣದ ಎಲ್ಲೆಯನ್ನು 28 ಭುಜಗಳ ಆಕೃತಿಯಾಗಿ ಮಾರ್ಪಡಿಸಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿಯ ಹೊರತು ಉಳಿದವರೆಲ್ಲ ಎಲ್ಲೆಯ ಹೊರಗಾದರು. ಬಿಳಿಯ ಮತದಾರನೊಬ್ಬನೂ ಹೊರಗಾಗಲಿಲ್ಲ. ಮನೆಯಿದ್ದಲ್ಲಿಯೇ ಇದ್ದು ಜನರು ಊರನ್ನು ಕಳೆದುಕೊಂಡರು. ಅವರು ಬಿಳಿಯರ ಅಂಗಡಿಗಳಲ್ಲಿ ವ್ಯಾಪಾರ ನಿಲ್ಲಿಸಿದರು. ಹಲವು ಅಂಗಡಿಗಳು ಮುಚ್ಚಿದವು. ಸಂಸ್ಥೆಯ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ಮೊದಲಾದವರು ಪುರಾಧ್ಯಕ್ಷ ಲೈಟ್‌ಫುಟ್ ಮುಂತಾದವರ ಮೇಲೆ ಹೂಡಿದ ದಾವೆ ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಸೋತಿತು. 1960ರ ನವೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪುಗಳನ್ನು ತಳ್ಳಿಹಾಕಿತು. ಎಲ್ಲೆಗಳನ್ನು ಗೊತ್ತುಮಾಡುವ ರಾಜ್ಯದ ಅಧಿಕಾರವೂ ಸಂವಿಧಾನದ 15ನೆಯ ತಿದ್ದುಪಡಿಗೆ ಅಧೀನವೆಂದು ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಬರೆದ ತೀರ್ಪಿನ ಸಾರ. ಮರುವರ್ಷ ಹಳೆಯ ಎಲ್ಲೆ ಮತ್ತೆ ಸ್ಥಾಪಿತವಾಯಿತು.

1964ರಲ್ಲಿ ಕಪ್ಪು ಜನಾಂಗದ ಇಬ್ಬರು ಪುರಸಭೆಗೆ ಆಯ್ಕೆಯಾದರು. 1966ರಲ್ಲಿ ಲೂಸಿಯಸ್ ಅಮರ್ಸನ್ ಕೌಂಟಿಯ ಷೆರಿಫ್ ಆಗಿಯೂ, 1972ರಲ್ಲಿ ಜಾನಿ ಫೋರ್ಡ್ ಪುರಾಧ್ಯಕ್ಷರಾಗಿಯೂ ಚುನಾಯಿತರಾದರು.

ಇದರಿಂದ ನಾವು ಗ್ರಹಿಸಬೇಕಾದುದಿಷ್ಟು: ಟಸ್ಕೀಗೀಯಲ್ಲಿ ವಿದ್ಯೆ ಹಕ್ಕನ್ನು ತಾನಾಗಿ ತಂದುಕೊಡಲಿಲ್ಲ, ಹಕ್ಕಿಗಾಗಿ ದೀರ್ಘಕಾಲ ಸೆಣಸಬಲ್ಲ ಸ್ವಾತಂತ್ರ್ಯವನ್ನು ಕೊಟ್ಟಿತು. ಚೌಕದ ಅಧಿಕಾರವು ನಕ್ಷೆಯಲ್ಲಿ ಎಳೆದ ಗೆರೆಯು ಆ ಸ್ವಾತಂತ್ರ್ಯದ ಮುಂದೆ ನಿಲ್ಲಲಿಲ್ಲ.